ಹಂಚು ಮುಟ್ಟದ ದಿನಗಳು

ಹೋದ ವಾರ ಯಾದಗಿರಿ ಬಸ್ ನಿಲ್ದಾಣದ ಅಂಗಡಿಯೊಂದರಲ್ಲಿ ಖಡಕ್ ರೊಟ್ಟಿಯ ಪೊಟ್ಟಣ ಕೊಂಡೆ. ಮನೆಗೆ ತಂದು ಬಿಚ್ಚಿದಾಗ ಬೆಂದ ಜೋಳದ ವಾಸನೆ ಬಂತು. ವಾಸನೆಯೇನೋ ಸರಿಯಾಗಿಯೇ ಇತ್ತು. ಆದರೆ ಯಂತ್ರದಲ್ಲಿ ಒತ್ತಿದ ರೊಟ್ಟಿಗಳು, ಒಂದರ ಮೇಲೊಂದು ಇಟ್ಟರೆ ಅಂಚು ಕೂಡ ಆಚೀಚೆ ಆಗುತ್ತಿರಲಿಲ್ಲ. ಒಂದನ್ನು ಬೆಳಕಿಗೆ ಹಿಡಿದು ನೋಡಿದೆ. ಮೈಮೇಲೆ ಒಂದೇ ಒಂದು ಬೆರಳಿನ ಗುರುತಿಲ್ಲ. ರೊಟ್ಟಿಯ ಮೇಲೆ ಬೆರಳಿನ ಗುರುತು ಹುಡುಕುವ ಚಟ ನನಗೆ ಹತ್ತಿದ್ದು ಶಹಾಪುರದಲ್ಲಿ, ಓಣಿಯೆಲ್ಲ ಆಯಿ ಎಂದು ಕರೆಯುತ್ತಿದ್ದ ಎದುರುಮನೆಯ ಮುದುಕಿಯಿಂದ...

ನಾನಾಗ ಅಲ್ಲಿನ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದೆ. ಒಂಟಿ ಮನುಷ್ಯ. ಅಡುಗೆ ಬರುತ್ತಿರಲಿಲ್ಲ, ಕಲಿಯುವ ಮನಸ್ಸೂ ಇರಲಿಲ್ಲ. ಓಣಿಯಲ್ಲಿ ನನ್ನಂಥವರು ಇನ್ನೂ ಕೆಲವರಿದ್ದರು. ನಮ್ಮೆಲ್ಲರ ಹೊಟ್ಟೆಪಾಡು ಆಯಿಯ ಒಲೆಯನ್ನು ನಂಬಿಕೊಂಡಿತ್ತು. ಬೆಳಗಾದರೆ ಟಪ್ ಟಪ್ ಎಂದು ರೊಟ್ಟಿ ಬಡಿಯುವ ಸದ್ದು. ಕಾದ ಹಂಚಿನ ಮೇಲಿನ ರೊಟ್ಟಿಯನ್ನು ಆಕೆ ಬೆರಳ ತುದಿಯಿಂದಲೇ ತಿರುವಿ ಹಾಕುತ್ತಿದ್ದಳು. ನೀರು ಸವರುವಾಗ ಬೆರಳುಗಳು ಎಳೆದ ಗೆರೆ ಬೆಂದ ಮೇಲೂ ರೊಟ್ಟಿಯ ಮೇಲೆ ಹಾಗೇ ಉಳಿಯುತ್ತಿತ್ತು. ಬೇರೆ ಯಾರಾದರೂ ಬಡಿದ ರೊಟ್ಟಿ ತಂದುಕೊಟ್ಟರೆ ಇದು ಆಯಿಯದಲ್ಲ ಎಂದು ನಾನು ನೋಡಿಯೇ ಹೇಳಿಬಿಡುತ್ತಿದ್ದೆ.

ಆಯಿಗೆ ಗಂಡ ಇರಲಿಲ್ಲ, ಮಕ್ಕಳಾಗಿರಲಿಲ್ಲ. ಜೊತೆಗಿದ್ದವನು ಒಬ್ಬ ತಮ್ಮ, ತಲೆ ನರೆತವನು. ಅವನಿಗೆ ಚಿಕ್ಕಂದಿನಿಂದ ಮೂರ್ಛೆ ರೋಗ. ಗುಳಿಗೆ ತಪ್ಪಿದರೆ ಎಲ್ಲೆಂದರಲ್ಲಿ ಬೀಳುತ್ತಿದ್ದ. ಅವನ ಹೆಸರಿಗೂ ಸರ್ಕಾರದ ಸಹಾಯ ಸಿಗಲೆಂದು ಒಮ್ಮೆ ಪರೀಕ್ಷೆಗೆ ಕರೆದೊಯ್ದಿದ್ದಳಂತೆ. ಆಸಾಮಿ ತಲೆ ಬಾಚಿಕೊಂಡು ಹೋಗಿ, ಡಾಕ್ಟರು ಕೇಳಿದ್ದಕ್ಕೆಲ್ಲ ಚುರುಕಾಗಿ ಉತ್ತರ ಕೊಟ್ಟು, ಆರೋಗ್ಯವಂತ ಎನಿಸಿಕೊಂಡು ಬಂದ.

"ದಿನಾ ಬೀಳಾಂವ ಅವತ್ತೊಂದಿನ ಬೀಳಲಿಲ್ಲ ನೋಡ್ರಿ ಸರ" ಎಂದು ಆಯಿ ಅವನೆದುರೇ ಛೇಡಿಸುತ್ತಿದ್ದಳು. ಅವನೂ ನಗುತ್ತಿದ್ದ.

ಹೀಗಾಗಿ ರೊಟ್ಟಿಯಿಂದ ಬಂದದ್ದು ಬಾಡಿಗೆಗೆ ಮತ್ತು ಹಿಟ್ಟಿಗೆ, ಆಯಿಯ ವಿಧವಾ ಪಿಂಚಣಿ ತಮ್ಮನ ಗುಳಿಗೆಗೆ. ಮೊದಲು ಪಿಂಚಣಿಯನ್ನು ಅಂಚೆಯವನೇ ಮನೆಗೆ ತಂದುಕೊಡುತ್ತಿದ್ದ. ಮಸಿ ಹಚ್ಚಿದ ಹೆಬ್ಬೆಟ್ಟು ಕಾಗದದ ಮೇಲೆ ಹೇಗೆ ಬಿದ್ದರೂ ನಡೆಯುತ್ತಿತ್ತು. ಆಮೇಲೆ ಬೆರಳು ಓದುವ ಯಂತ್ರ ಬಂತು. ಅದು ಆಯಿಯ ಹತ್ತೂ ಬೆರಳನ್ನು ಒಂದೊಂದಾಗಿ ಒಲ್ಲೆ ಎಂದಿತು. ಕಣ್ಣು ತೋರಿಸೋಣವೆಂದರೆ ಎರಡಕ್ಕೂ ಪೊರೆ.

"ಆಯಿ, ನಿಮ್ಮ ಬೊಟ್ಟಿನ್ಯಾಗ ಗೆರಿನೇ ಇಲ್ರಿ" ಎಂದ ಯಂತ್ರದ ಹುಡುಗ.

"ಎಲ್ಲಾ ರೊಟ್ಟಿ ಮ್ಯಾಲ ಹೋಗ್ಯಾವ ತಮ್ಮಾ" ಎಂದಳು ಆಯಿ.

ಅವನು ಒಳ್ಳೆಯವನು. ನಾಲ್ಕಾರು ದಿನ ಬೆಂಕಿ ಮುಟ್ಟದೆ, ಎಣ್ಣೆ ಸವರಿಕೊಂಡು ಬಂದರೆ ಗೆರೆ ಮೂಡಬಹುದು ಎಂದ. ಹಾಗೇ ಆಯಿತು. ಅಂದಿನಿಂದ ಪಿಂಚಣಿ ಹತ್ತಿರ ಬಂತೆಂದರೆ ಆಯಿ ಹಂಚನ್ನು ಗೋಡೆಗೆ ಒರಗಿಸಿಟ್ಟು ಕೈಕಟ್ಟಿ ಕೂರುತ್ತಿದ್ದಳು. "ಆಯಿ ಕೈ ಬೆಳಸಾಕತ್ಯಾಳ" ಎಂದು ಓಣಿಯವರು ನಗುತ್ತಿದ್ದರು. ನಾವೆಲ್ಲ ಆ ದಿನಗಳಲ್ಲಿ ಚುರುಮುರಿ ನೆನೆಸಿ ಒಗ್ಗರಿಸಿದ ಸುಸಲಾ ತಿಂದು ಶಾಲೆ, ಕಚೇರಿ ಎಂದು ಹೋಗುತ್ತಿದ್ದೆವು. ನನಗೆ ಸುಸಲಾ ಸೇರುತ್ತಿರಲಿಲ್ಲ. ಆದರೂ ಯಾರೂ ಗೊಣಗಲಿಲ್ಲ.

ಕೆಟ್ಟದ್ದು ಒಂದು ಹಬ್ಬದ ಮುಂಚೆ. ಪಕ್ಕದ ಮನೆಯ ದರ್ಜಿಯ ಮಗಳು ಮೆಹಂದಿ ಕಲಸಿಕೊಂಡು ಕೂತಿದ್ದಳು. ಆಯಿಯ ಸುಟ್ಟ ಬೆರಳು ನೋಡಿ ಅವಳ ಜೀವ ಚುರುಕ್ಕೆಂದಿತು. "ಥೋಡೆ ಹಚ್ಗೋರಿ ಆಯಿ, ಠಂಡಾ ಆಗ್ತದ" ಎಂದಳು. ಗಂಡ ತೀರಿದ ಮೇಲೆ ಆಯಿ ಮೆಹಂದಿ ಮುಟ್ಟಿರಲಿಲ್ಲ. ಬೇಡವೆಂದಳು. "ದವಾ ಅಂತ ತಿಳ್ಕೋರಿ" ಎಂದು ಹುಡುಗಿ ಒತ್ತಾಯ ಮಾಡಿದಳು. ಕೊನೆಗೆ ಆಯಿ ಹತ್ತೂ ಬೆರಳ ತುದಿ ಮುಂದೆ ಮಾಡಿದಳು.

ಯಂತ್ರಕ್ಕೆ ಕೆಂಪು ಬೆರಳು ಓದಲು ಬರಲಿಲ್ಲ. ಸಾಲಿನಲ್ಲಿ ನಿಂತಿದ್ದ ಯಾರೋ, "ವಿಧವಾ ಪಿಂಚಣಿಗಿ ಮೆಹಂದಿ ಹಚ್ಕೊಂಡ ಬಂದಾಳ ನೋಡ್ರಿ" ಅಂದರಂತೆ. ಎಲ್ಲರೂ ನಕ್ಕರಂತೆ. ಇದನ್ನು ನನಗೆ ಹೇಳಿದ್ದು ಆಯಿಯೇ, ಬಚ್ಚಲ ಬಳಿ ಕೂತು ಬೂದಿಯಿಂದ ಬೆರಳು ತಿಕ್ಕುತ್ತ. ಬಣ್ಣ ಹೋಗಲಿಲ್ಲ. ಮೂಡಿದ್ದ ನಾಲ್ಕು ಗೆರೆಗಳೇ ಹೋದವು. ದರ್ಜಿಯ ಮಗಳು ಬಾಗಿಲಲ್ಲಿ ನಿಂತು ಅಳುತ್ತಿದ್ದಳು.

"ಅಳಬ್ಯಾಡ, ಕೈ ತಂಪಾಗಿದ್ದು ಖರೇ" ಎಂದಳು ಆಯಿ.

ಆ ತಿಂಗಳೂ ಮುಂದಿನ ತಿಂಗಳೂ ಪಿಂಚಣಿ ಬರಲಿಲ್ಲ. ಮೊದಲ ಸಲ ಗುಳಿಗೆ ನಾನು ತಂದುಕೊಟ್ಟೆ, ತೆಗೆದುಕೊಂಡಳು. ಎರಡನೆಯ ಸಲ ಬೇಡವೆಂದಳು. "ನಾಳಿ ನಿಮಗ ಬದ್ಲಿ ಆದ್ರ ಇಂವಾ ನಿಮ್ಮ ಬೆನ್ನಹಿಂದ ಬರಬೇಕೇನ್ರಿ ಸರ?" ಗುಳಿಗೆಯನ್ನು ಅರ್ಧರ್ಧ ಮುರಿದು ಕೊಡತೊಡಗಿದಳು. ಒಂದು ಬೆಳಗ್ಗೆ ಟಪ್ ಟಪ್ ಸದ್ದು ನಡುವೆಯೇ ನಿಂತಿತು. ಓಡಿಹೋಗಿ ನೋಡಿದರೆ ತಮ್ಮ ಒಲೆಯ ಪಕ್ಕ ಬಿದ್ದಿದ್ದ. ಅವನ ಮೊಣಕೈ ಹಂಚಿನ ಮೇಲೆ ಬಿದ್ದು ಸುಟ್ಟಿತ್ತು. ಆಯಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಆಕೆ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ...

ಅವತ್ತಿನಿಂದ ಒಲೆ ಹೊತ್ತಲಿಲ್ಲ. ಆ ತಿಂಗಳು ಮುಗಿಯುವುದರೊಳಗೆ ಮನೆ ಬಿಟ್ಟು, ತಮ್ಮನನ್ನು ಕರೆದುಕೊಂಡು ಸುರಪುರದಲ್ಲಿದ್ದ ಅಕ್ಕನ ಮಗಳ ಮನೆ ಸೇರಿದಳು.

ಮುಂದೊಮ್ಮೆ ಪರೀಕ್ಷೆಯ ಕೆಲಸಕ್ಕೆ ಸುರಪುರಕ್ಕೆ ಹೋದವನು ವಿಚಾರಿಸಿಕೊಂಡು ಆ ಮನೆಗೆ ಹೋದೆ. ಆಯಿಯ ತಮ್ಮ ಕಟ್ಟೆಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತಿದ್ದ. ಗುಳಿಗೆ ತಪ್ಪಿಲ್ಲ, ಬಿದ್ದೂ ಇಲ್ಲ ಎಂದ. ಆಯಿ ತನ್ನ ಕೈ ತೋರಿಸಿದಳು. ಬೆರಳುಗಳು ಮೆತ್ತಗಾಗಿದ್ದವು.

"ಈಗ ಮಷಿನ್ ಒಮ್ಮಿಗೇ ಹಿಡೀತದ್ರಿ ಸರ. ದುಡಿದು ತಿನ್ನಾಗ ಅದಕ್ಕ ನಾ ಯಾರಂತ ಗೊತ್ತಾಗಲಿಲ್ಲ."

ಆಮೇಲೆ ದನಿ ತಗ್ಗಿಸಿ, "ಇವ್ರು ಹಂಚಿನ ಹತ್ರ ಬಿಡೂದಿಲ್ರಿ. ಪಿಂಚಣಿ ನಿಂತೀತು ಅಂತಾರ. ಈಗ ಮನಿ ಅದರ ಮ್ಯಾಲೇ ನಡ್ಯಾಕತ್ತದ" ಎಂದಳು.

ಅಕ್ಕನ ಮಗಳು ನೀರಿಗೆ ಹೋಗಿದ್ದಳು. ಆಯಿ ಬೀದಿಯ ಕಡೆ ಒಮ್ಮೆ ನೋಡಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಟಪ್ ಟಪ್ ಸದ್ದು ಕೇಳಿತು. ನಾನು ಬೇಡವೆನ್ನಬೇಕಿತ್ತೇನೋ, ಅನ್ನಲಿಲ್ಲ. ಒಂದೇ ರೊಟ್ಟಿ, ಮೇಲೆ ಶೇಂಗಾ ಹಿಂಡಿಯ ಖಾರದ ಪುಡಿ. ಸುಟ್ಟ ಬೆರಳನ್ನು ಸೆರಗಿನಲ್ಲಿ ಒತ್ತಿ ಹಿಡಿದು, ನಾನು ತಿನ್ನುವುದನ್ನು ನೋಡುತ್ತ ಕೂತಳು. ಆಕೆಯ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಶಹಾಪುರದಲ್ಲೂ ಕಂಡಿರಲಿಲ್ಲ.

ಮೊದಲು ತಮ್ಮ ಹೋದ, ಹಿಂದೆಯೇ ಆಯಿಯೂ ಹೋದಳೆಂದು ಬಹಳ ತಡವಾಗಿ ಗೊತ್ತಾಯಿತು. ಯಂತ್ರಕ್ಕೆ ಬೇಕಾದ ಗೆರೆಗಳು ಎಲ್ಲಾದರೂ ಭದ್ರವಾಗಿ ಉಳಿದಿರಬಹುದು. ನನಗೆ ಗುರುತಿದ್ದ ಗೆರೆಗಳು ಆ ರೊಟ್ಟಿಯ ಮೇಲಿದ್ದವು. ಬಿಸಿಬಿಸಿ ಇದ್ದಾಗಲೇ ತಿಂದು ಮುಗಿಸಿದ್ದೆ.