ಮೌಶಿ ಕುಳಿತು ಬಂದ ಊರು

ಕುಳಿತಾಗ ಅವಳ ಬಲಗಾಲಿನ ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ. ಎಡಗಾಲು ಪೂರ್ತಿ ಊರಿರುತ್ತಿತ್ತು. ಬಲಗಾಲಿನ ಬೆರಳುಗಳಷ್ಟೇ ನೆಲದ ಮೇಲಿರುತ್ತಿದ್ದವು. ಹಿಮ್ಮಡಿಯ ಕೆಳಗೆ ಒಂದು ಬೆರಳು ತೂರಿಸುವಷ್ಟು ಸಂದು. ಕುರ್ಚಿಯಾಗಲಿ, ಮಣೆಯಾಗಲಿ, ಬಸ್ಸಿನ ಸೀಟಾಗಲಿ, ಅವಳು ಅಂಚಿನಲ್ಲೇ ಕೂರುತ್ತಿದ್ದಳು. ಯಾರಾದರೂ ನೀರು ಕೇಳುವ ಮೊದಲೇ ಏಳಲು ಸಿದ್ಧವಾಗಿದ್ದ ಕಾಲು ಅದು.

ಮಹಾನಂದಾ ಮೌಶಿ ನನ್ನ ತಾಯಿಯ ಅಕ್ಕ. ಹುಟ್ಟಿದ್ದು ಕುರನೂರಿನಲ್ಲಿ, ಕೊಟ್ಟದ್ದು ವಾಗದರಿಯ ಹೊಲಮನೆಯವರಿಗೆ, ಬಾಳಿದ್ದು ಸೊಲ್ಲಾಪುರದಲ್ಲಿ. ಅವಳ ಗಂಡ ಮಲ್ಲಿನಾಥ ಕಾಕಾ ಊರ ಹೊರಗಿನ ಚಿಂಚೋಳಿ ಎಂಐಡಿಸಿ ಕೈಗಾರಿಕಾ ವಸಾಹತಿನ ಒಂದು ಟವೆಲ್ ಕಾರ್ಖಾನೆಯಲ್ಲಿ ಮಗ್ಗಗಳ ಫಿಟ್ಟರ್ ಆಗಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಎಂ.ಎಸ್ಸಿ. ಓದುವಾಗ ನಾನು ಅವರ ಮನೆಯಲ್ಲೇ ಇದ್ದೆ. ಆಮೇಲೆ ಕೆಲಸ ಸಿಗುವವರೆಗೂ ಇದ್ದೆ.

ಮನೆ ಬಸ್‌ಸ್ಟ್ಯಾಂಡಿಗೆ ಹತ್ತಿರ. ಅದೇ ಅವಳ ಪಾಡಾಗಿತ್ತು. ವಾಗದರಿಯಿಂದ ದವಾಖಾನೆಗೆ ಬಂದವರು, ಕೋರ್ಟಿನ ತಾರೀಖಿಗೆ ಬಂದವರು, ಮದುವೆಯ ಜವಳಿಗೆ ಬಂದವರು ಎಲ್ಲರೂ ಮೊದಲು ಚಪ್ಪಲಿ ಬಿಡುತ್ತಿದ್ದುದು ಅವಳ ಬಾಗಿಲಲ್ಲಿ. "ಬರ್ರಿ, ಚಾ ಇಡ್ತೀನಿ" ಎನ್ನುತ್ತಲೇ ಅವಳು ಒಳಗೆ ಹೋಗಿರುತ್ತಿದ್ದಳು. ಕಾಕಾ ಪಾಳಿಯಿಂದ ಬಂದು ಉಂಡು ಮಲಗುತ್ತಿದ್ದರು. ಅವಳ ಊಟ ಒಲೆಯ ಕಟ್ಟೆಗೆ ಒರಗಿ ನಿಂತು, ಅಂಗೈಯಲ್ಲಿ ರೊಟ್ಟಿ ಇಟ್ಟುಕೊಂಡು.

"ಮೌಶಿ, ಒಂದೀಟು ಕುಂತು ಉಣ್ಣು" ಎಂದು ಒಮ್ಮೆ ಹೇಳಿದ್ದೆ.

"ಕುಂತ್ರ ಏಳಾಕ ಬ್ಯಾಸರ ಬರ್ತೈತಿ. ನಿಂತಾಕಿಗೆ ಆ ತ್ರಾಸ ಇಲ್ಲ ನೋಡು" ಎಂದಳು, ಬಹಳ ದಿನದಿಂದ ಯೋಚಿಸಿ ಕಂಡುಕೊಂಡಂತೆ.

ಆ ಮನೆಯಲ್ಲಿ ಅವಳಿಗೆ ಕೂರಲು ಹೇಳಿದ ಇನ್ನೊಬ್ಬ ಮನುಷ್ಯ ಬ್ರೂನೋ. ನಾನು ಹೋಗುವ ಮೊದಲಿನ ಕಥೆ ಇದು. ಕಾಕಾನ ಕಾರ್ಖಾನೆಗೆ ಇಟಲಿಯಿಂದ ಹೊಸ ಮಗ್ಗಗಳು ಬಂದಾಗ, ಅವನ್ನು ಜೋಡಿಸಲು ಬ್ರೂನೋ ಬಂದಿದ್ದ. ಹೋಟೆಲಿನ ಖಾರಕ್ಕೆ ಅವನ ಬಾಯಿ ಹುಣ್ಣಾಗಿ, ಕಾಕಾ ಅವನನ್ನು ಮನೆಗೆ ಕರೆತಂದರು. ಮುಂದಿನ ಎರಡು ತಿಂಗಳು ಅವನು ಮೌಶಿಯ ಕೈಯ ಜೋಳದ ರೊಟ್ಟಿ, ಸಪ್ಪನೆ ಬೇಳೆ, ಮೊಸರು ಉಂಡ. ಅವಳು ನಿಂತೇ ಇರುವುದು ಅವನಿಗೆ ಕಸಿವಿಸಿ. ಕಾಕಾನನ್ನು ಕೇಳಿ ಒಂದು ಮಾತು ಕಲಿತ. ದಿನಾ ಉಣ್ಣುವ ಮೊದಲು ಎದುರಿನ ಕುರ್ಚಿ ತೋರಿಸಿ "ಕುಂದ್ರಿ" ಎನ್ನುತ್ತಿದ್ದ. ಮೌಶಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕು ಇನ್ನೊಂದು ರೊಟ್ಟಿ ಹಾಕುತ್ತಿದ್ದಳು. "ಎಲ್ಲಿಂದೋ ಬಂದಾವ, ನಮ್ಮನ್ಯಾಗ ನನಗ ಕುಂದ್ರಿ ಅಂದು ಹೋದ" ಎಂದು ವರ್ಷಗಟ್ಟಲೆ ಹೇಳಿಕೊಂಡು ನಗುತ್ತಿದ್ದಳು.

ಕಾಕಾ ನಿವೃತ್ತರಾದ ವರ್ಷ ಬ್ರೂನೋನ ಫೋನ್ ಬಂತು. ಅವನೂ ಕೆಲಸ ಬಿಟ್ಟಿದ್ದ. ಅವನ ಊರು ಬೆರ್ಗಮೊ. ಕೆಳಗೆ ಹೊಸ ಊರು, ಗುಡ್ಡದ ಮೇಲೆ ಕೋಟೆಗೋಡೆಯೊಳಗೆ ಹಳೆಯ ಊರು. ಆ ಹಳೆಯ ಊರಿನಲ್ಲಿ ಅವನ ತಾಯಿಯ ಎರಡು ಕೋಣೆಯ ಮನೆ ಖಾಲಿ ಇತ್ತು. ಗಂಡಹೆಂಡಿರು ಬಂದು ಎರಡು ವಾರ ಇರಿ ಎಂದ. ಮೌಶಿ ಫೋನಿನ ಪರದೆಯೊಳಗೆ ಇಣುಕಿದಾಗ ಅವನು ಅದೇ ಮಾತು ಹೇಳಿದ: "ಕುಂದ್ರಿ."

"ಕಶಾಲಾ? ಯಾತಕ್ಕ?" ಎಂದಳು ಮೌಶಿ, ಫೋನ್ ಇಟ್ಟ ಮೇಲೆ. "ಲಗ್ನ ಇಲ್ಲ, ಸಾವಿಲ್ಲ, ದೇವರ ಹರಕಿ ಇಲ್ಲ. ಯಾಕ ಹೊಂಟೀರಿ ಅಂತ ಮಂದಿ ಕೇಳಿದ್ರ ಏನ್ ಹೇಳ್ಲಿ?"

"ಕೇಳಿದಾಗ ನೋಡೂಣು" ಎಂದರು ಕಾಕಾ.

ಮೌಶಿಯ ಆ ಮಾತನ್ನು ನಾನು ಹಗುರವಾಗಿ ತೆಗೆದುಕೊಂಡಿದ್ದೆ. ಆದರೆ ಅವಳು ಮೂರು ಕಾರಣಗಳ ಹೊರತು ಎಂದೂ ಪ್ರಯಾಣ ಮಾಡಿದವಳಲ್ಲ. ನಾಲ್ಕನೆಯದಕ್ಕೆ ಅವಳಲ್ಲಿ ಹೆಸರಿರಲಿಲ್ಲ.

ವಾಗದರಿಯವರು ಕೇಳಲೇ ಇಲ್ಲ, ಅದು ಯಾತ್ರೆಯೆಂದು ತಾವೇ ತೀರ್ಮಾನಿಸಿಬಿಟ್ಟರು. ಕಾಕಾನ ಅತ್ತಿಗೆ ಗಂಗಕ್ಕ, ಆ ಮನೆಯ ಹಿರಿಯಳು, ಹೊರಡುವ ಮುನ್ನ ಸೊಲ್ಲಾಪುರಕ್ಕೆ ಬಂದಳು. ಕಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಜೊತೆಗೆ ಅರಿಶಿನ ಹಚ್ಚಿದ ಒಂದು ತೆಂಗಿನಕಾಯಿ. ನಮ್ಮ ಕಡೆ ಯಾತ್ರೆಗೆ ಹೋಗಲಾಗದವರು ಹೋಗುವವರ ಕೈಯಲ್ಲಿ ಹೀಗೆ ಕಾಯಿ ಕಳಿಸುತ್ತಾರೆ.

"ನನ್ನ ಹೆಸರಿಲೆ ಅಲ್ಲಿ ದೇವರ ಮುಂದ ಒಡಿ, ತಂಗಿ. ಮೊಳಕಾಲ ಬ್ಯಾನಿ ಹೇಳ್ಕೊ."

ಮೌಶಿ ಕಾಕಾನ ಮುಖ ನೋಡಿದಳು. ಕಾಕಾ ಸೂಟ್‌ಕೇಸಿನ ಕೀಲಿ ನೋಡುತ್ತಿದ್ದರು. ಅವಳು ಕಾಯಿ ತೆಗೆದುಕೊಂಡು ಸೀರೆಗಳ ನಡುವೆ ಇಟ್ಟಳು.

ಬೆರ್ಗಮೊದಲ್ಲಿ ಅವರು ಏನು ಮಾಡಿದರು ಎಂಬುದನ್ನು ನಾನು ಅವಳಿಂದ ತುಣುಕು ತುಣುಕಾಗಿ ಕೇಳಿದೆ, ಹೆಚ್ಚಾಗಿ ಜೋಳ ಹಸನು ಮಾಡುವಾಗ. ಅವರು ರೋಮ್ ನೋಡಲಿಲ್ಲ, ವೆನಿಸ್ ನೋಡಲಿಲ್ಲ. ಗುಡ್ಡ ಹತ್ತುವ ಪುಟ್ಟ ರೈಲುಡಬ್ಬಿಯಲ್ಲಿ ಮೇಲೆ ಹೋದವರು ಎರಡು ವಾರ ಹೆಚ್ಚುಕಡಿಮೆ ಕೆಳಗಿಳಿಯಲೇ ಇಲ್ಲ. ಕಲ್ಲು ಹಾಸಿದ ಓಣಿಗಳು, ಎರಡು ಆಳು ಎದುರಾದರೆ ಒಬ್ಬರು ಗೋಡೆಗೆ ಆತುಕೊಳ್ಳಬೇಕಾದಷ್ಟು ಇಕ್ಕಟ್ಟು. ಒಂದು ಓಣಿಯಲ್ಲಿ ಅಮೃತಶಿಲೆಯ ಉದ್ದನೆಯ ತೊಟ್ಟಿ, ಮೇಲೆ ತಗಡಿನ ಚಾವಣಿ. ಹಿಂದಿನ ಕಾಲದ ಹೆಂಗಸರು ಬಟ್ಟೆ ಒಗೆಯುತ್ತಿದ್ದ ಜಾಗವಂತೆ. ಪ್ರವಾಸಿಗಳು ಅದರ ಫೋಟೋ ತೆಗೆಯುತ್ತಿದ್ದರು. ಮೌಶಿ ಬಟ್ಟೆ ಉಜ್ಜುವ ಅದರ ಓರೆ ಕಲ್ಲನ್ನು ಸವರಿ ನೋಡಿದಳು. "ನಡಾ ಮುರಿಯಂಗಿಲ್ಲ, ಬರೋಬ್ಬರಿ ಎತ್ತರಕ್ಕ ಕಟ್ಯಾರ. ಕಟ್ಟಿಸಿದಾವ ಹೇಣ್ತಿ ಮಾತು ಕೇಳ್ಯಾನ" ಎಂದು ನನಗೆ ವರದಿ ಮಾಡಿದಳು.

ಮೊದಲ ದಿನ ಬೆಳಿಗ್ಗೆ ಅವಳು ಎದ್ದು ಒಲೆಯ ಹತ್ತಿರ ಹೋದಾಗ ಕಾಕಾ ಅಲ್ಲಿ ನಿಂತಿದ್ದರು. ಕೈಯಲ್ಲಿ ಬ್ರೂನೋನ ತಾಯಿಯ ಕಾಫಿ ಪಾತ್ರೆ. ಅಲ್ಯೂಮಿನಿಯಂನದು, ನಡುವೆ ತಿರುಪು, ಒಳಗೆ ರಬ್ಬರಿನ ಬಳೆ, ಬದಿಗೆ ಪುಟ್ಟ ವಾಲ್ವ್. ಕಾಕಾ ಅದನ್ನು ಪೂರ್ತಿ ಬಿಚ್ಚಿ ಒರೆಸಿ ಜೋಡಿಸುತ್ತಿದ್ದರು.

"ಕೊಡ್ರಿ ಇಲ್ಲೆ" ಎಂದಳಂತೆ ಮೌಶಿ.

"ಕೈ ಹಚ್ಚಬ್ಯಾಡ. ಇದು ಮಶೀನ್ ಐತಿ. ನೀ ಹೋಗಿ ಕುಂದ್ರು."

ಜೀವಮಾನದಲ್ಲಿ ಒಲೆ ಹಚ್ಚದ ಮನುಷ್ಯ ಯಂತ್ರದ ನೆಪದಲ್ಲಿ ಅಡುಗೆಮನೆ ಹೊಕ್ಕಿದ್ದರು. ಅವಳು ಕಿಟಕಿಯ ಬಳಿಯ ಕುರ್ಚಿಯಲ್ಲಿ ಕುಳಿತಳು, ಅಂಚಿನಲ್ಲಿ. ಒಳಗೆ ಪಾತ್ರೆ ಗೊರಗುಟ್ಟುವುದು ಕೇಳಿಸಿತು. ಮೂರು ಸಲ ಎದ್ದು ಮೂರು ಸಲ ಕುಳಿತಳಂತೆ. ಕಾಕಾ ಎರಡು ಕಪ್ಪು ತಂದರು. "ಕಹಿ ಅಂದ್ರ ಕಹಿ, ಕಷಾಯ. ಆದ್ರ ನನಗಂತ ಮಾಡಿದ್ದು ಅದು. ಪೂರಾ ಕುಡದೆ" ಎಂದಳು ನನಗೆ. ಮರುದಿನವೂ ಅವರೇ ಮಾಡಿದರು. ಅದರ ಮರುದಿನವೂ. ಸಂಜೆ ಇಬ್ಬರೂ ಹೋಗಿ ಕೋಟೆಗೋಡೆಯ ಮೇಲಿನ ಬೆಂಚಿನಲ್ಲಿ ಕೂರುತ್ತಿದ್ದರು. ಕೆಳಗೆ ದೂರದವರೆಗೂ ಬಯಲು. "ಏನ್ ಮಾತಾಡ್ತಿದ್ರಿ?" ಎಂದೆ. ಅವಳು ಜೋಳದೊಳಗಿನ ಹರಳು ಆರಿಸಿ ಎಸೆದಳು. "ಏನಿಲ್ಲ. ಅವರು ಆ ಕಡಿ ನೋಡ್ತಿದ್ರು, ನಾನೂ ಆ ಕಡೀನ ನೋಡ್ತಿದ್ದೆ."

ಬ್ರೂನೋ ತೆಗೆದ ಫೋಟೋ ನನ್ನ ಬಳಿ ಇದೆ. ಬೆಂಚಿನ ಒರಗಿಗೆ ಬೆನ್ನು ಪೂರ್ತಿ ಕೊಟ್ಟು ಕುಳಿತಿದ್ದಾಳೆ. ಎರಡು ಹಿಮ್ಮಡಿಗಳೂ ನೆಲದ ಮೇಲಿವೆ.

ತೆಂಗಿನಕಾಯಿ ಮಾತ್ರ ಉಳಿಯಿತು. ಅಲ್ಲೊಂದು ದೊಡ್ಡ ಚರ್ಚು. ಅವಳು ಒಮ್ಮೆ ಒಳಗೆ ಹೋಗಿ ಕೈ ಮುಗಿದು ಬಂದಿದ್ದಳು. ಅಲ್ಲೇ ಒಂದು ಮೂಲೆಯಲ್ಲಿ ಕಾಯಿ ಇಟ್ಟು ಬಂದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಕಾಕಾ ಹಾಗೆಯೇ ಸೂಚಿಸಿದ್ದರಂತೆ. ಅವಳು ಒಪ್ಪಲಿಲ್ಲ, ಮತ್ತೆ ಸೀರೆಗಳ ನಡುವೆ ಇಟ್ಟು ವಾಪಸು ತಂದಳು.

ಅವರು ಬಂದ ವಾರವೇ ವಾಗದರಿಗೆ ಹೋದೆವು, ನಾನೂ ಜೊತೆಗಿದ್ದೆ. ಹೊಸ್ತಿಲ ಮುಂದೆ ರಂಗೋಲಿ, ಎರಡು ಮಣೆ, ಬೋಗುಣಿಯಲ್ಲಿ ಬಿಸಿನೀರು. ಓಣಿಯ ಹೆಂಗಸರು ಆಗಲೇ ನೆರೆದಿದ್ದರು. ಯಾತ್ರೆಯಿಂದ ಬಂದವರ ಕಾಲು ತೊಳೆದು, ನಮಸ್ಕರಿಸಿ, ಹೋಳಿಗೆ ಊಟ ಹಾಕಿ ಅವರ ಪುಣ್ಯದಲ್ಲಿ ಪಾಲು ಪಡೆಯುವುದು ಆ ಮನೆಯ ಪದ್ಧತಿ. ಒಳಗಿನಿಂದ ಹೂರಣದ ವಾಸನೆ ಬರುತ್ತಿತ್ತು. ಗಂಗಕ್ಕ ನೋಯುವ ಮೊಳಕಾಲು ಮಡಚಿ, ಬೋಗುಣಿಯ ಪಕ್ಕ ನೆಲಕ್ಕೆ ಕೂತಿದ್ದಳು.

"ಮಣಿ ಮ್ಯಾಲ ನಿಂದ್ರು ತಂಗಿ. ಕಾಲ ಕೊಡು."

ಮೌಶಿ ಮಣೆ ಹತ್ತಲಿಲ್ಲ. ಚೀಲದಿಂದ ಕಾಯಿ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಅಕ್ಕಾ, ನಿನ್ನ ಕಾಯಿ ಹಂಗ ಐತಿ. ನಾವು ಯಾತ್ರಾಕ ಹೋಗಿರಲಿಲ್ಲ."

"ಮತ್ತ? ಅಷ್ಟ ದೂರ ಹೋಗಿ ಬಂದೀರಿ, ದೇವರಿಲ್ಲದ ಊರೇನು ಅದು?"

"ದೇವರು ಅದಾನ. ಕೈ ಮುಗದು ಬಂದೀನಿ. ಆದ್ರ ಅದಕ್ಕ ಹೋಗಿರಲಿಲ್ಲ."

"ಅದಕ್ಕ ಹೋಗಿಲ್ಲಂದ್ರ ಮತ್ಯಾತಕ್ಕ ಹೋದ್ರಿ?"

ಅವಳು ಹೆದರಿದ್ದ ಪ್ರಶ್ನೆ ಇದೇ. ಕಾಕಾ ಗಂಟಲು ಸರಿಮಾಡಿಕೊಂಡರು. ದೇವರಿಗೇ ಹೋಗಿದ್ದೆವು ಅಂದುಬಿಡು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಹಾಗಂದಿದ್ದರೆ ಆ ಮನೆಯಲ್ಲಿ ಮೊದಲ ಸಲ ಅವಳ ಕಾಲಿಗೆ ಇನ್ನೊಬ್ಬರ ಕೈಯ ನೀರು ಬೀಳುತ್ತಿತ್ತು.

"ಉಗೀಚ" ಎಂದಳು ಮೌಶಿ. ಸುಮ್ಮನೆ, ಕಾರಣವಿಲ್ಲದೆ ಎನ್ನುವುದಕ್ಕೆ ನಾವು ಮರಾಠಿಯಿಂದ ತಂದುಕೊಂಡ ಮಾತು. "ಉಗೀಚ ಹೋಗಿ ಕುಂತು ಬಂದ್ವಿ, ನಾನೂ ಇವರೂ. ಮುಂಜಾನಿ ಇವರು ಕಾಫಿ ಮಾಡ್ತಿದ್ರು, ನಾ ಕುಡೀತಿದ್ದೆ. ಸಂಜೀಕ ಗ್ವಾಡಿ ಮ್ಯಾಲ ಕುಂದರ್ತಿದ್ವಿ."

ಹಿಂದೆ ನಿಂತಿದ್ದ ಯಾರೋ ಸೆರಗಿನೊಳಗೆ ನಕ್ಕರು. ಗಂಗಕ್ಕ ಗೋಡೆ ಹಿಡಿದು ಎದ್ದಳು. ಕಾಯಿ ಇಸಿದುಕೊಂಡಳು.

"ನೀರು ಕಾಸೀನಿ, ಚೆಲ್ಲಾಕ ಬರಂಗಿಲ್ಲ. ನೀನ ತೊಳಕೊಂಡು ಒಳಗ ಬಾ" ಎಂದಳು.

ಮೌಶಿ ಬಗ್ಗಿ ತನ್ನ ಕಾಲು ತಾನೇ ತೊಳೆದುಕೊಂಡಳು. ಹೋಳಿಗೆ ಊಟ ಸದ್ದಿಲ್ಲದೆ ಮುಗಿಯಿತು. ಕಾಯಿಯನ್ನು ಗಂಗಕ್ಕ ಮರುದಿನ ಅಕ್ಕಲಕೋಟದ ಗುಡಿಗೆ ಹೋಗಿ ತಾನೇ ಒಡೆದು ಬಂದಳೆಂದು ತಿಳಿಯಿತು. ಮೌಶಿಗೆ ಊರಲ್ಲಿ 'ಇಟಲಿಬಾಯಿ' ಎಂಬ ಹೆಸರು ಬಿತ್ತು. ಮದುವೆಮನೆಗಳಲ್ಲಿ ಅವಳು ಕೆಲಸಕ್ಕೆ ಕೈ ಹಾಕಿದರೆ, "ಬ್ಯಾಡವಾ, ನಮ್ಮ ಇಟಲಿಬಾಯಿಗೆ ಖುರ್ಚಿ ಹಾಕ್ರಿ" ಎನ್ನುತ್ತಿದ್ದರು. ಅವಳು "ಹಾಕ್ರಿ" ಎಂದು ಕುಳಿತುಬಿಡುತ್ತಿದ್ದಳು.

ಬ್ರೂನೋ ಆ ಕಾಫಿ ಪಾತ್ರೆಯನ್ನು ಕಾಕಾನಿಗೆ ಕೊಟ್ಟು ಕಳಿಸಿದ್ದ. ಕಾಕಾ ಅದರಲ್ಲಿ ಚಹಾಪುಡಿ, ಶುಂಠಿ, ಸಕ್ಕರೆ, ಹಾಲು ಎಲ್ಲ ತುಂಬಿ ಒಲೆಗಿಟ್ಟರು. ವಾಲ್ವ್ ಕಟ್ಟಿ ಚಹಾ ಚಾವಣಿಗೆ ಹಾರಿತು. ಕಲೆ ಈಗಲೂ ಇದೆ. "ಮಶೀನಿನ ತಪ್ಪಲ್ಲ" ಎಂದರು ಕಾಕಾ, ಮೌಶಿ ನೆಲ ಒರೆಸಲು ಬಗ್ಗಿದಾಗ ಅವಳ ಕೈಯಿಂದ ಅರಿವೆ ಇಸಿದುಕೊಂಡು. ಅಂದಿನಿಂದ ಸಾದಾ ಪಾತ್ರೆಯಲ್ಲೇ ಬೆಳಗಿನ ಚಹಾ ಅವರದಾಯಿತು. ಮನೆಯಲ್ಲಿ ಎಷ್ಟೇ ಮಂದಿ ಬಂದಿರಲಿ, ಮುಂದಿನ ಕಟ್ಟೆಯ ಮೇಲೆ ಎರಡು ಕುರ್ಚಿ ಬೀಳುತ್ತಿದ್ದವು, ಎರಡೂ ರಸ್ತೆಯ ಕಡೆಗೆ. ಅವಳು ಕುಳಿತು ಕಾಯುತ್ತಿದ್ದಳು. ಬಂದವರ ಚಹಾ ಅದಾದ ಮೇಲೆ.

ಮೊಳಕಾಲು ತೋರಿಸಲು ಬಂದಿದ್ದ ಗಂಗಕ್ಕ ಒಂದು ಬೆಳಿಗ್ಗೆ ಇದನ್ನು ನೋಡಿದಳು. ಕಾಕಾ ಒಳಗಿದ್ದಾಗ ಮೌಶಿಯ ಕಿವಿಯ ಹತ್ತಿರ ಬಂದು, "ಖರೇನ ದಿನಾ ಮಾಡ್ತಾರೇನ?" ಎಂದಳು.

"ನಿನಗೂ ಮಾಡಾಕತ್ತಾರ. ಕುಂದ್ರು."

ಗಂಗಕ್ಕ ಕುಳಿತಳು. ಮೈದುನ ಕಪ್ಪು ಹಿಡಿದು ಬಂದಾಗ ತಡೆಯಲಾರದೆ ಎದ್ದು ನಿಂತು, ನಿಂತೇ ಕುಡಿದಳು.

ನಾನು ಲಾತೂರಿನಲ್ಲಿ ಉಪನ್ಯಾಸಕಿಯಾಗಿ ಸೇರಿದ ಮೇಲೆ ರಜೆಗಳಲ್ಲಿ ಬರುತ್ತಿದ್ದೆ. ಮೊದಲೆಲ್ಲ ಹೊರಟಾಗ ಮೌಶಿ ಚೀಲ ಹಿಡಿದು ಬಸ್‌ಸ್ಟ್ಯಾಂಡಿನವರೆಗೆ ಬರುತ್ತಿದ್ದಳು. ಕಡೆಯ ಸಲ ಕಟ್ಟೆಯ ಮೇಲೆ ಕಾಲು ಊರಿ ಕುಳಿತಿದ್ದಳು, ಮಡಿಲಲ್ಲಿ ಖಾಲಿ ಕಪ್ಪು. "ನಾ ಏಳಂಗಿಲ್ಲ ನೋಡು. ಇಲ್ಲಿಂದನ ಹೋಗಿ ಬಾ ಅಂತೀನಿ" ಎಂದಳು. ದಾರಿಯುದ್ದಕ್ಕೂ ನನಗೆ ಸ್ವಲ್ಪ ನೋವಾಗಿತ್ತು. ಅವಳು ಯಾರನ್ನಾದರೂ ಹಾಗೆ ಕುಳಿತೇ ಕಳಿಸಿಕೊಟ್ಟದ್ದು ನಾನು ಅದುವರೆಗೆ ನೋಡಿರಲಿಲ್ಲ.

ಆ ಚಳಿಗಾಲದ ಒಂದು ಮಧ್ಯಾಹ್ನ ಅವಳ ಎದೆ ನಿಂತುಹೋಯಿತು. ನಾನು ಬರುವಷ್ಟರಲ್ಲಿ ವಾಗದರಿಯ ಹೊಲದಲ್ಲಿ ಮಣ್ಣು ಕೊಡುವ ಹೊತ್ತಾಗಿತ್ತು. ಕಾರ್ಯ ಮುಗಿದು ಸೊಲ್ಲಾಪುರದ ಮನೆಗೆ ಮರಳಿದಾಗ ಮನೆ ತುಂಬ ಮಂದಿ. ಕಟ್ಟೆಯ ಮೇಲೆ ಒಂದೇ ಕುರ್ಚಿ ಇತ್ತು. ಇನ್ನೊಂದನ್ನು ಯಾರೋ ಒಳಗೊಯ್ದು ಅದರ ಮೇಲೆ ಹಾಸಿಗೆಗಳನ್ನು ಪೇರಿಸಿದ್ದರು.

ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದಿಗೆ ಎಚ್ಚರವಾಯಿತು. ಗಂಗಕ್ಕ ಆಗಲೇ ಎದ್ದು ಕೂತಿದ್ದಳು.

"ಹೋಗ, ನೀ ಮಾಡ್ಹೋಗು. ಹೇಣ್ತಿ ಕಳಕೊಂಡಾವ ಒಲಿ ಮುಂದ ನಿಂತಾನ, ನಾವು ಇಷ್ಟ ಹೆಣಮಕ್ಕಳು ಇದ್ದು" ಎಂದಳು.

"ಇರ್ಲಿ ದೊಡ್ಡವ್ವ. ಅವರ ಮಾಡ್ಲಿ" ಎಂದೆ.

ಗಂಗಕ್ಕ ನನ್ನನ್ನು ನೋಡಿದಳು. ಆಮೇಲೆ ಎದ್ದು, ಹಾಸಿಗೆಗಳ ಒಂದು ತುದಿ ಹಿಡಿದಳು. ಇನ್ನೊಂದು ತುದಿ ನಾನು ಹಿಡಿದೆ. ಖಾಲಿಯಾದ ಕುರ್ಚಿಯನ್ನು ಕಟ್ಟೆಗೆ ತಂದು, ಮೊದಲಿನಂತೆ ರಸ್ತೆಯ ಕಡೆಗೆ ಮುಖ ಮಾಡಿ ಇಟ್ಟು ಕುಳಿತೆ. ಒಳಗೆ ಕಾಕಾ ಸಕ್ಕರೆ ಡಬ್ಬಿ ಹುಡುಕುತ್ತಿರುವುದು ಕೇಳಿಸುತ್ತಿತ್ತು. ಬಂದ ಹೆಂಗಸರು ಅದನ್ನು ಎಲ್ಲಿ ಎತ್ತಿಟ್ಟಿದ್ದರೆಂದು ನನಗೆ ಗೊತ್ತಿತ್ತು. ನನ್ನ ಬಲಗಾಲಿನ ಹಿಮ್ಮಡಿ ಆಗಲೇ ಮೇಲೆದ್ದಿತ್ತು. ಅದನ್ನು ನೆಲಕ್ಕೆ ಊರಿ ಕಾದೆ.