ಬುಡದ ತುಂಡುಗಳ ರ‍್ಯಾಂಪ್

ಕಾರು ಬಿದ್ದ ಜಾಗದಲ್ಲಿ ಅಣ್ಣನ ಎದೆ ಇರಬೇಕಿತ್ತು.

ಶೇಡಬಾಳದ ಹತ್ತಿರ ನಮ್ಮ ದ್ರಾಕ್ಷಿ ತೋಟ ಇತ್ತು. ಬಳ್ಳಿಗೆ ವಯಸ್ಸಾಗಿ ಹಣ್ಣು ಕಡಿಮೆಯಾಯಿತು, ಕಿತ್ತು ಹಾಕಿದೆವು. ಬಳ್ಳಿ ಹಬ್ಬಿಸಲು ನೆಟ್ಟಿದ್ದ ಕಬ್ಬಿಣದ ಆಂಗಲ್‌ಗಳು ಉಳಿದವು. ಅಣ್ಣ ಅವುಗಳ ಮೇಲಿನ ಉದ್ದ ಭಾಗ ಕತ್ತರಿಸಿ ಎಮ್ಮೆ ಶೆಡ್ಡಿಗೆ ಹಾಕಿದ. ಮಣ್ಣಿನಲ್ಲಿ ಹುಗಿದಿದ್ದ ಬುಡದ ಗಿಡ್ಡ ತುಂಡುಗಳು ಮಿಕ್ಕವು. ಅಳತೆ ಸರಿಯಾಗಿದೆ ಎಂದು ಅವನ್ನೇ ಕಾಲು ಮಾಡಿ, ಮೇಲೆ ದಪ್ಪ ಕಬ್ಬಿಣದ ಹಾಳೆ, ಪತ್ರಾ, ಬೆಸೆದು, ಕಾರು ಹತ್ತಿಸಲು ಎರಡು ರ‍್ಯಾಂಪ್ ಮಾಡಿದ. ತುಕ್ಕಿನ ಮೇಲೆಯೇ ಕೆಂಪು ಬಣ್ಣ ಬಳಿದ. ನೋಡಲು ಅಂಗಡಿ ಮಾಲಿನಂತೆಯೇ ಇದ್ದವು.

ಅಂದು ಸಂಜೆ ಕಾರಿನ ಮುಂದಿನ ಗಾಲಿಗಳು ರ‍್ಯಾಂಪ್ ಮೇಲಿದ್ದವು. ಆಯಿಲ್ ಬದಲಿಸಲು ಅಣ್ಣ ಕೆಳಗೆ ಗೋಣಿಚೀಲ ಹಾಸಿ ಮಲಗಿದ್ದ. ನಾನು ಬೋಲ್ಟ್ ಬಿಚ್ಚುವ ಪಾನಾ ಕೊಡುತ್ತ ಕೂತಿದ್ದೆ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಅವ್ವ ಬಾಗಿಲಿಗೆ ಬಂದಳು.

"ಹೊತ್ತ ಮುಣಗಾಕತ್ತೇತಿ. ಉಣ್ಣಾಕ ಬಾ."

"ಒಂದ ಬೋಲ್ಟ್ ಐತಿ ಬೇ. ಬಂದೆ."

"ಬೋಲ್ಟ್ ನಾಳೆನೂ ಇರ್ತೇತಿ. ಹೊತ್ತ ನಿನ್ನ ಸಲವಾಗಿ ನಿಂದರ್ತೇತೇನ?"

"ನೀ ಉಣ್ಣ ಹೋಗ."

"ನಿನ್ನ ಬಿಟ್ಟ ಎಂದಾದ್ರೂ ಉಂಡೇನೇನ್ಲೇ? ನಾನೂ ಉಪಾಸ ಮಲಗತೇನಿ, ಆತಿಲ್ಲ?"

ಅಣ್ಣ ಗೊಣಗುತ್ತ ಹೊರಗೆ ಬಂದ. ನೀರಿನ ಟಾಕಿಯ ಹತ್ತಿರ ಕೈಗೆ ಸಾಬೂನು ಹಚ್ಚುತ್ತಿದ್ದ. ಕಬ್ಬು ಮುರಿದಂತೆ ಒಂದು ಸಣ್ಣ ಸದ್ದು. ಒಂದು ರ‍್ಯಾಂಪಿನ ಕಾಲು ಮಡಚಿತು. ಕಾರು ಒಂದು ಮಗ್ಗುಲಿಗೆ ವಾಲಿ ಕೆಳಗೆ ಕೂತಿತು.

ಇಂಜಿನ್ನಿನ ತಳ ಆ ಗೋಣಿಚೀಲವನ್ನು ನೆಲಕ್ಕೆ ಒತ್ತಿ ಹಿಡಿದಿತ್ತು. ಅಣ್ಣ ಅದನ್ನೇ ನೋಡುತ್ತ ನಿಂತ.

"ಸಾಬೂನ ತೊಳಕೊ," ಎಂದಳು ಅವ್ವ. ಅಷ್ಟೇ.

ಜಾಕ್ ಹಚ್ಚಿ ಕಾರು ಎತ್ತುವ ಹೊತ್ತಿಗೆ ಕತ್ತಲಾಗಿತ್ತು. ಅಂದು ಯಾರೂ ಉಣ್ಣಲಿಲ್ಲ.

ಬೆಳಿಗ್ಗೆ ರ‍್ಯಾಂಪಿನ ಆ ಕಾಲಿಗೆ ಸುತ್ತಿಗೆಯಿಂದ ಹೊಡೆದೆ. ಬಣ್ಣ ಒಡೆಯಿತು, ಒಳಗಿನ ಕಬ್ಬಿಣ ಹಪ್ಪಳದಂತೆ ಉದುರಿತು. ವರ್ಷಗಟ್ಟಲೆ ತೋಟದ ಒದ್ದೆ ಮಣ್ಣು, ಬಳ್ಳಿಗೆ ಹೊಡೆದ ಔಷಧಿ ನೀರು ಬುಡವನ್ನು ತಿಂದು ಹಾಕಿದ್ದವು.

"ಎಮ್ಮಿಗಿ ಚಲೋ ಕಬ್ಬಣಾ ಹಾಕಿದಿ, ನಿನಗ ತುಕ್ಕ ತಿಂದದ್ದ," ಎಂದೆ.

"ಬಾಯಿ ಮುಚ್ಚಲೇ," ಎಂದ. ಬೈಗುಳದಲ್ಲಿ ಜೋರಿರಲಿಲ್ಲ.

ಅಥಣಿಯಿಂದ ದಪ್ಪನೆಯ ಹೊಸ ಆಂಗಲ್ ತಂದೆವು. ಹಳೆಯ ಕಾಲುಗಳನ್ನೆಲ್ಲ ಕತ್ತರಿಸಿ ಹೊಸವು ಹಾಕಿದೆವು. ಕಾಲು ಮಡಚಬಾರದೆಂದು ಮೂಲೆಯಿಂದ ಮೂಲೆಗೆ ಅಡ್ಡಪಟ್ಟಿ ಬೆಸೆದೆವು. ನೆಲದಲ್ಲಿ ಇಳಿಯಬಾರದೆಂದು ಪಾದಕ್ಕೆ ಪ್ಲೇಟು, ಗಾಲಿ ಮುಂದೆ ಜಾರಬಾರದೆಂದು ತುದಿಗೆ ತಡೆ. ಕಾರು ಹತ್ತಿಸಿ, ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಇಬ್ಬರೂ ಮೈಭಾರವೆಲ್ಲ ಹಾಕಿ ಅಲುಗಾಡಿಸಿದೆವು. ಅಲ್ಲಾಡಲಿಲ್ಲ. ಆದರೂ ಬೇವಿನ ಎರಡು ದಪ್ಪ ದಿಮ್ಮಿ ತಂದು ಕಾರಿನ ಚಾಸಿ ಕೆಳಗೆ ಆಸರೆಗೆ ಇಟ್ಟೆ.

ಅಣ್ಣ ಬೇರೆ ಚೀಲ ಹಾಸಿದ. ಕೂತ. ಕಾರಿನ ಕೆಳಗೆ ಹೋಗಲಿಲ್ಲ.

"ನೀ ಹೋಗ್ತಿಯೇನ?" ಎಂದು ನನ್ನನ್ನು ಕೇಳಿದ.

"ಇಲ್ಲ."

ಅಣ್ಣ ತಲೆ ಹೊರಗೇ ಇಟ್ಟುಕೊಂಡು, ಒಂದು ಕೈ ಮಾತ್ರ ಕಾರಿನ ಕೆಳಗೆ ಚಾಚಿ ಬೋಲ್ಟಿಗೆ ತಡಕಾಡಿದ. ಸಿಗಲಿಲ್ಲ. ಕೈ ಹಿಂದಕ್ಕೆ ತೆಗೆದು, ಎದೆ ಮೇಲೆ ಇಟ್ಟುಕೊಂಡು ಹಾಗೇ ಕೂತ.

"ಗ್ಯಾರೇಜಿಗಿ ಒಯ್ಯೂನು," ಎಂದ.