ಮಯೋನ್ ಮಗ್ಗುಲಿನಿಂದ ಒಂದು ಫೋನು

ತಬಾಕೊ ಬಿಟ್ಟಾಗ ಇನ್ನೂ ಬಿಸಿಲು ಬಿದ್ದಿರಲಿಲ್ಲ. ಫಿಲಿಪೀನ್ಸ್ ದೇಶದ ಆ ಕಡಲ ಊರಿಗೆ ನಾನು ಹೋಗಿದ್ದು ತೆಂಗಿನ ನಾರು ತೆಗೆಯುವ ಯಂತ್ರ ಕೂರಿಸಲು, ತೊಂಬತ್ತರ ದಶಕದ ಕೊನೆಯಲ್ಲಿ. ಆರು ತಿಂಗಳ ಕೆಲಸವೆಂದು ಕಂಪನಿಯವರು ಕಳಿಸಿದ್ದರು, ವರ್ಷ ತುಂಬುತ್ತಾ ಬಂದಿತ್ತು. ಈಗ ಇನ್ನೊಂದು ವರ್ಷ ಇರ್ತೀಯಾ ಎಂದು ಕೇಳಿದ್ದರು. ಮಾರನೆಯ ದಿನ ಉತ್ತರ ಹೇಳಬೇಕಿತ್ತು. ತುಮಕೂರಿನ ಬಟವಾಡಿಯ ಬಾಡಿಗೆ ಮನೆಯಲ್ಲಿದ್ದ ಹೆಂಡತಿ ಸಾವಿತ್ರಿಯನ್ನು ಕೇಳದೆ ಏನೆಂದು ಹೇಳಲಿ?

ಅವಳು ಪ್ರತಿ ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಹೈವೇ ಪಕ್ಕದ ಎಸ್‌ಟಿಡಿ ಬೂತಿಗೆ ಬಂದು ನನ್ನ ಫೋನಿಗೆ ಕಾದು ಕೂರುತ್ತಿದ್ದಳು. ನನಗೆ ಆಗ ಮಧ್ಯಾಹ್ನ ಒಂದೂವರೆ. ಆದರೆ ಆ ವಾರದ ಬಿರುಗಾಳಿಗೆ ತಬಾಕೊದ ಫೋನ್ ಕಂಬಗಳೆಲ್ಲ ಮಲಗಿದ್ದವು. ಫೋನ್ ಇದ್ದದ್ದು ಬೆಟ್ಟದಾಚೆಯ ಲಿಗಾವ್‌ನಲ್ಲಿ, ಸುಮಾರು ಮೂವತ್ತು ಕಿಲೋಮೀಟರ್. ನಮ್ಮ ಕಡೆ ಹೇಳುವುದಾದರೆ ತುಮಕೂರಿನಿಂದ ಗುಬ್ಬಿ ದಾಟಿ ನಿಟ್ಟೂರು ಮುಟ್ಟುವಷ್ಟು. ನಡುವೆ ಸೇತುವೆಯೊಂದು ಕುಸಿದು ಗಾಡಿಗಳು ನಿಂತಿದ್ದವು. ಹೀಗಾಗಿ ಸೈಕಲ್ಲೇ ಗತಿ.

ಕಾರ್ಖಾನೆಯ ಎಲೆಕ್ಟ್ರಿಷಿಯನ್ ರಮೋನ್ ತಾನೂ ಜೊತೆಗೆ ಬಂದ. ಐವತ್ತು ದಾಟಿದ ಮನುಷ್ಯ, ಏರಿನಲ್ಲೂ ಹಾಡು ಗುನುಗುತ್ತಾ ತುಳಿಯುತ್ತಿದ್ದ. ನನಗೋ ಉಸಿರು ಬಾಯಿಗೆ ಬಂದಿತ್ತು. ಅಂಗಡಿಯಿಂದ ಬಾಡಿಗೆಗೆ ತಂದ ಸೈಕಲ್ಲಿನ ಚೈನು ಎರಡು ಸಲ ಕಳಚಿತು. ಅವರ ಯಂತ್ರ ಕೂರಿಸಲು ಸಮುದ್ರ ದಾಟಿ ಬಂದವನು ಚೈನಿನ ಎಣ್ಣೆ ಮೈಗೆಲ್ಲ ಬಳಿದುಕೊಂಡು ರಸ್ತೆಯಲ್ಲಿ ಕೂತಿದ್ದೆ. ಕುಸಿದ ಸೇತುವೆಯ ಬಳಿ ಸೈಕಲ್ ಹೆಗಲ ಮೇಲೆ ಹೊತ್ತು ಮೊಣಕಾಲುದ್ದ ನೀರಿನಲ್ಲಿ ದಾಟಿದೆವು.

ದಾರಿಯ ಎಡಕ್ಕೆ ಮಯೋನ್. ಬೆಂಕಿ ಉಗುಳುವ ಬೆಟ್ಟ. ಅಷ್ಟು ಹತ್ತಿರವಿದ್ದೂ ಒಂದು ಗಂಟೆ ಹೊತ್ತು ಮೋಡ ಬಿಟ್ಟು ಬೇರೇನೂ ಕಾಣಲಿಲ್ಲ. ಏರಿನ ನೆತ್ತಿ ತಲುಪುವಾಗ ಗಾಳಿ ಬೀಸಿತು, ಮೋಡ ಸರಿಯಿತು. ಕಣದಲ್ಲಿ ರಾಗಿ ರಾಶಿ ಹಾಕಿದಂತೆ ನಾಲ್ಕೂ ಕಡೆ ಒಂದೇ ಸಮ ಇಳಿಜಾರು, ತುದಿಯಲ್ಲಿ ಎಳೆ ಹೊಗೆ. "ಅಬ್ಬಾ, ನೋಡೇ!" ಎಂದುಬಿಟ್ಟೆ. ಯಾರಿಗೆ ಹೇಳಿದ್ದು? ಪಕ್ಕದಲ್ಲಿದ್ದವನು ರಮೋನ್. ಅವನಿಗೆ ಕನ್ನಡವೂ ಬಾರದು, ಆ ಬೆಟ್ಟ ಹೊಸದೂ ಅಲ್ಲ. ಅಂಥ ಸೊಗಸಿನ ಮುಂದೆ ನಿಂತಾಗ ಸಾವಿತ್ರಿ ಇದ್ದಿದ್ದರೆ ಎಂಬುದೊಂದೇ ಯೋಚನೆ.

ನೆತ್ತಿಯ ಮೇಲೆ ಒಬ್ಬಾಕೆ ಬೇಯಿಸಿದ ಗೆಣಸು, ಎಳನೀರು ಮಾರುತ್ತಿದ್ದಳು. ನಿಮ್ಮ ದೇಶದಲ್ಲಿ ತೆಂಗಿನಕಾಯಿ ಗೊತ್ತಾ ಎಂದು ರಮೋನನ ಮೂಲಕ ಕೇಳಿದಳು. ತೆಂಗಿನ ತೋಟಗಳ ಊರು ಗುಬ್ಬಿಯವನನ್ನು ಕೇಳುವ ಪ್ರಶ್ನೆಯೇ ಇದು! ನಾನು ಕಾಯಿಗೆ ಬೆರಳಿನಿಂದ ತಟ್ಟಿ, ಇದು ಬಲಿತಿದೆ, ಬೇರೆ ಕೊಡು ಎಂದೆ. ಅವಳು ನಕ್ಕು ಗೆಣಸು ಒಂದು ಜಾಸ್ತಿ ಹಾಕಿದಳು.

ಇಳಿಜಾರು ಸಲೀಸಾಗಿತ್ತು. ಲಿಗಾವ್‌ನ ಫೋನ್ ಕಚೇರಿಯಲ್ಲಿ ಉದ್ದ ಸಾಲು. ನನ್ನ ಸರದಿ ಬಂದಾಗ ಒಂದೂವರೆ ಮೀರಿತ್ತು. ಅವಳು ಬೂತಿನಿಂದ ಎದ್ದು ಹೋಗಿಬಿಟ್ಟಿದ್ದರೆ ಎಂದುಕೊಳ್ಳುತ್ತಲೇ ನಂಬರು ಕೊಟ್ಟೆ. ಲೈನ್ ಸಿಕ್ಕಿತು. ಮೊದಲು ಕೇಳಿದ್ದು ಅವಳ ದನಿಯಲ್ಲ, ಬಟವಾಡಿ ಹೈವೇಯ ಲಾರಿ ಹಾರನ್ನು. ಊರಿನಲ್ಲಿದ್ದಾಗ ಅದಕ್ಕೆ ಶಾಪ ಹಾಕುತ್ತಿದ್ದವನಿಗೆ ಕಣ್ಣು ತುಂಬಿ ಬಂತು.

"ರೀ, ಊಟ ಆಯ್ತಾ?"

"ಆಯ್ತು ಕಣೇ. ಸೈಕಲ್ನಲ್ಲಿ ಬೆಟ್ಟ ಹತ್ತಿ ಬಂದಿದೀನಿ."

"ಅಯ್ಯೋ, ಈ ವಯಸ್ಸಿಗೆ ಬೇಕಿತ್ತಾ? ಬಿದ್ದುಗಿದ್ದೀರಾ."

ಇನ್ನೊಂದು ವರ್ಷದ ಮಾತು ಹೇಳಿದೆ. ಕುಣಿಗಲ್ ರಸ್ತೆಯಲ್ಲಿ ಸೈಟು ತಗೊಳ್ಳಬಹುದು ಎಂದೂ ಸೇರಿಸಿದೆ. ಬೇಡ, ಬನ್ನಿ ಎನ್ನಲಿ ಎಂದು ಒಳಗೊಳಗೇ ಕಾಯುತ್ತಿದ್ದೆ.

"ನಿಮ್ಗೆ ಹೆಂಗನ್ಸುತ್ತೋ ಹಂಗ್ ಮಾಡಿ," ಎಂದಳು.

ಅವಳು ಹೀಗೆಯೇ. ಕುಣಿಗಲ್ಲಿನ ತವರಿನಲ್ಲಿ ಬಾಯಿಬಿಟ್ಟು ಕೇಳುವುದನ್ನು ಕಲಿಸಿಯೇ ಇಲ್ಲವೇನೋ. ನನಗೆ ಸಿಟ್ಟೂ ಬಂತು, ದುಃಖವೂ ಆಯಿತು.

"ಸರಿ, ಹಾಗಾದ್ರೆ ಇಡ್ತೀನಿ."

"ಇಡ್ತೀನಿ ಅಂತಾರೇನ್ರೀ? ಬರ್ತೀನಿ ಅನ್ನಿ."

"ಬರ್ತೀನಿ."

ಲಾರಿಯೊಂದು ಹಾದುಹೋಯಿತು. ಅವಳು ಇಟ್ಟಿರಲಿಲ್ಲ.

"ಯಾವಾಗ?" ಎಂದಳು.

ಹಾಲಿನ ಅಂಗಡಿಗೆ, ಆಫೀಸಿಗೆ, ಎಲ್ಲಿಗೆ ಹೊರಟರೂ ಬರ್ತೀನಿ ಅನ್ನುವ ಜನ ನಾವು. ಹಾಗಂದವರನ್ನು ಯಾವಾಗ ಎಂದು ಯಾರೂ ಕೇಳುವುದಿಲ್ಲ. ಅವಳು ಕೇಳಿದಳು.

"ಟಿಕೆಟ್ ಸಿಕ್ಕಿದ ದಿನಾನೇ ಕಣೇ," ಎಂದೆ. "ಸೈಟೂ ಬೇಡ, ಏನೂ ಬೇಡ."

"ಹ್ಞೂಂ. ಸೈಕಲ್ ನಿಧಾನಕ್ಕೆ ತುಳೀರಿ," ಎಂದಳು.

ವಾಪಸು ಏರಿನಲ್ಲಿ ರಮೋನ್ ಕೇಳಿದ, ಹೆಂಡತಿ ಏನಂದಳು? ಯಾವಾಗ ಅಂತ ಕೇಳಿದಳು ಎಂದೆ. ಅಷ್ಟೇನಾ ಎಂದ. ಅಷ್ಟೇ ಎಂದೆ. ಅವನು ಒಂದು ಗಳಿಗೆ ನನ್ನ ಮುಖ ನೋಡಿ, ಬೆನ್ನಿಗೊಂದು ಗುದ್ದು ಕೊಟ್ಟು, ಮತ್ತೆ ಹಾಡು ಹಿಡಿದ.

ನೆತ್ತಿ ದಾಟುವಾಗ ಸಂಜೆ ಬಿಸಿಲಿನಲ್ಲಿ ಮಯೋನ್ ಬುಡದಿಂದ ತುದಿಯವರೆಗೆ ಬಿಚ್ಚಿಕೊಂಡು ನಿಂತಿತ್ತು. ಅಂಥದ್ದನ್ನು ಇನ್ನು ನಾನು ನೋಡುವುದಿಲ್ಲ ಎಂದು ಗೊತ್ತಿತ್ತು. ಸೈಕಲ್ ನಿಲ್ಲಿಸಿ ಕಣ್ತುಂಬ ನೋಡಿದೆ. ಊರಿನಲ್ಲಿ ಬಾಯಿ ತಪ್ಪಿಯೂ ಆಡದ ಮಾತನ್ನು ಆ ಬೆಟ್ಟಕ್ಕೆ ಹೇಳಿದೆ: "ಹೋಗ್ತೀನಿ."